ಮಳೆ ರಜೆಯ ದಿನ ಒಲೆ ಉರಿಯಿತೇ?



ನಮ್ಮ ಸೀಮೆಯಲ್ಲಿ ಇಬ್ಬರು ಎದುರಾದರೆ ಮೊದಲು ಬರುವ ಮಾತು ‘ಊಟ ಆಯ್ತಾ?’ ಎಂಬುದು. ಮಳೆ, ಬೆಳೆ, ಅಡಿಕೆಯ ಧಾರಣೆ, ಮಗಳ ಮದುವೆ ಇವೆಲ್ಲ ಆಮೇಲೆ. ಕೇಳುವುದಕ್ಕೆ ಎಷ್ಟು ಅಂತಃಕರಣದ ಮಾತು! ಆದರೆ ಇದಕ್ಕೆ ಬರುವ ಉತ್ತರ ಮಾತ್ರ ಒಂದೇ, ‘ಆಯ್ತು’. ನನ್ನ ಇಷ್ಟು ವರ್ಷದ ತಿರುಗಾಟದಲ್ಲಿ ‘ಇಲ್ಲ, ಇವತ್ತು ಒಲೆ ಹಚ್ಚಿಲ್ಲ’ ಎಂದು ಹೇಳಿದ ಒಬ್ಬರನ್ನೂ ನಾನು ಕಂಡಿಲ್ಲ. ಹಾಗಾದರೆ ಎಲ್ಲರದ್ದೂ ಊಟವಾಗಿದೆಯೆಂದೇ ಅರ್ಥವೇ? ನಾವೂ ಹಾಗೆಂದುಕೊಂಡೇ ಕೈಮುಗಿದು ಮುಂದೆ ಹೋಗುತ್ತೇವೆ.

ಎರಡು ವರ್ಷದ ಹಿಂದಿನ ಮಾತು. ಆಷಾಢದ ಒಂದು ದಿನ ತುಮರಿಯ ಕಡೆ ಶಿವಗಣಾರಾಧನೆಯೊಂದನ್ನು ಮುಗಿಸಿಕೊಂಡು ಬರುತ್ತಿದ್ದೆ. ಮಳೆಯೆಂದರೆ ಮುಂದಿನ ಮನುಷ್ಯ ಕಾಣದಂಥ ಮಳೆ. ದಾರಿಗೆ ಮರ ಬಿದ್ದಿದ್ದರಿಂದ ಪಕ್ಕದಲ್ಲಿ ಕಂಡ ಒಂಟಿ ಮನೆಯ ಜಗುಲಿಗೆ ಹೋಗಿ ನಿಂತೆ. ಕೂಲಿಯವರ ಮನೆ. ಒಳಗೆ ತಾಯಿ, ಮೂರು ಮಕ್ಕಳು. ‘ಶಾಲೆಯಿಲ್ಲವೇ ಮಕ್ಕಳೇ?’ ಎಂದೆ. ‘ಮಳೆ ರಜೆ ಅಜ್ಜಾ’ ಎಂದು ಸಂತೋಷದಿಂದ ಹೇಳಿದವು. ‘ಊಟ ಆಯ್ತಾ?’ ಎಂದೆ. ‘ಆಯ್ತು’ ಎಂದವು ಮೂರೂ ಒಟ್ಟಿಗೆ. ಆಗ ಮಧ್ಯಾಹ್ನ ಒಂದೂವರೆ ಗಂಟೆ. ಜಗುಲಿಯಿಂದಲೇ ಒಲೆ ಕಾಣುತ್ತಿತ್ತು. ಒಲೆಯ ಬೂದಿಯ ಮೇಲೆ ಬೆಕ್ಕು ಮಲಗಿತ್ತು. ಬಡತನಕ್ಕೆ ನಮ್ಮ ಹಿರಿಯರು ಹೇಳುವ ಈ ಮಾತನ್ನು ಕೇಳಿದ್ದೆನಲ್ಲದೆ, ಕಣ್ಣಾರೆ ಕಂಡದ್ದು ಅಂದೇ ಮೊದಲು.

ನನ್ನ ಚೀಲದಲ್ಲಿ ಆರಾಧನೆಯ ಮನೆಯವರು ಕಟ್ಟಿಕೊಟ್ಟ ನಾಲ್ಕು ಹೋಳಿಗೆಗಳಿದ್ದವು. ಪ್ರಸಾದವೆಂದು ಕೊಟ್ಟೆ. ಹಿರಿಯ ಇಬ್ಬರು ಹುಡುಗರು ಗೋಡೆಯ ಕಡೆ ತಿರುಗಿ ತಿಂದು ಮುಗಿಸಿದರು. ಐದು ವರ್ಷದ ಹುಡುಗಿ ಮಾತ್ರ ಕಾಲು ಭಾಗ ತಿಂದು ಉಳಿದದ್ದನ್ನು ಬಾಳೆಯೆಲೆಯಲ್ಲಿ ಮಡಚಿ ಗೂಡಿನಲ್ಲಿಟ್ಟಳು. ‘ಯಾಕಮ್ಮ?’ ಎಂದರೆ ‘ನಾಳೆಯೂ ರಜೆ’ ಎಂದಳು.

ತಾಯಿ ನಾಚಿಕೊಂಡು ವಿವರ ಹೇಳಿದಳು. ಮನೆಯಲ್ಲಿ ಅಕ್ಕಿಯಿತ್ತು. ಪಡಿತರದ ಅಕ್ಕಿ. ಆದರೆ ಅದನ್ನು ತಿಂಗಳ ಕೊನೆಯವರೆಗೆ ತಲುಪಿಸಬೇಕು, ಸೌದೆ ಹಸಿ, ಹದಿನೈದು ದಿನದಿಂದ ಕೂಲಿಯಿಲ್ಲ. ಹೀಗಾಗಿ ಬೆಳಗ್ಗೆ ಕರಿ ಚಹಾ, ರಾತ್ರಿ ಒಂದು ಹೊತ್ತು ಗಂಜಿ. ಮಧ್ಯಾಹ್ನದ್ದು ಶಾಲೆಯಲ್ಲಿ ಆಗುತ್ತದೆ, ಶಾಲೆ ಇದ್ದರೆ. ಇಷ್ಟೇ ಸಂಗತಿ. ಇದರಲ್ಲಿ ಯಾರೂ ಸತ್ತಿಲ್ಲ, ಯಾರೂ ಭಿಕ್ಷೆಗೆ ನಿಂತಿಲ್ಲ, ಪತ್ರಿಕೆಗೆ ಬರುವಂಥ ಸುದ್ದಿಯೇನಲ್ಲ. ಆದರೆ ಅಂದಿನಿಂದ ‘ಭಾರಿ ಮಳೆ ನಿಮಿತ್ತ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕಿನ ಶಾಲೆಗಳಿಗೆ ನಾಳೆ ರಜೆ’ ಎಂಬ ಪ್ರಕಟಣೆಯನ್ನು ಓದಿದಾಗಲೆಲ್ಲ ನನಗೆ ಆ ಬಾಳೆಯೆಲೆಯ ಪೊಟ್ಟಣ ನೆನಪಾಗುತ್ತದೆ.

ರಜೆ ಕೊಡುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಆಗುಂಬೆ, ಹುಲಿಕಲ್ಲುಗಳಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ನಾಡು ಇದು. ಹಳ್ಳದ ಸಂಕ ದಾಟಿ ಮಕ್ಕಳು ಶಾಲೆಗೆ ಬರಬೇಕು. ಜೀವಕ್ಕಿಂತ ಹೆಚ್ಚೇ? ಆದರೆ ಶಾಲೆ ಮುಚ್ಚಿದಾಗ ಪಾಠವೊಂದೇ ನಿಲ್ಲುವುದಿಲ್ಲ, ಬಿಸಿಯೂಟವೂ ನಿಲ್ಲುತ್ತದೆ ಎಂಬುದನ್ನು ನಮ್ಮಲ್ಲಿ ಎಷ್ಟು ಜನ ಯೋಚಿಸಿದ್ದೇವೆ? ಅದೇ ದಿನ ತಂದೆತಾಯಿಗೂ ಕೂಲಿಯಿರುವುದಿಲ್ಲ. ನಾಟಿಯ ಹತ್ತಿಪ್ಪತ್ತು ದಿನ ಬಿಟ್ಟರೆ ಮಳೆಗಾಲದಲ್ಲಿ ಕೂಲಿ ಕಡಿಮೆ. ಆ ನಾಟಿಯೂ ಈಗ ಎಲ್ಲಿ ಉಳಿದಿದೆ? ಗದ್ದೆಗಳೆಲ್ಲ ಅಡಿಕೆ ತೋಟವಾದವು. ಭತ್ತದ ಕಣಜ ಇಲ್ಲವಾಯಿತು. ತೋಟಕ್ಕೆ ಎಲೆಚುಕ್ಕಿ ರೋಗ ಬಂದ ಮೇಲಂತೂ ಸಣ್ಣ ಹಿಡುವಳಿದಾರನೇ ಕಂಗಾಲಾಗಿದ್ದಾನೆ, ಅವನು ಕೂಲಿಗೆ ಯಾರನ್ನು ಕರೆದಾನು? ಇದರ ಮೇಲೆ ಆಷಾಢವೆಂದರೆ ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಊರೂಟವಿಲ್ಲ. ಹೀಗೆ ಮೂರೂ ಕಡೆಯಿಂದ ಬಾಗಿಲು ಮುಚ್ಚಿದ ಕಾಲದಲ್ಲಿ, ಮನೆಯೊಳಗೆ ಕುಳಿತ ಮಗುವಿನ ಹೊಟ್ಟೆಯ ಲೆಕ್ಕ ಯಾರ ಪುಸ್ತಕದಲ್ಲೂ ಇರುವುದಿಲ್ಲ.

ಮಲೆನಾಡಿನಲ್ಲಿ ಹಸಿವೆಂದರೆ ಜನ ನಂಬುವುದಿಲ್ಲ. ಮಕ್ಕಳ ಅಪೌಷ್ಟಿಕತೆಯೆಂದರೆ ರಾಯಚೂರು ಎಂದು ಎಲ್ಲರ ಬಾಯಲ್ಲಿ ಬಂದುಬಿಟ್ಟಿದೆ. 2011ರ ಸುಮಾರಿಗೆ ಅಲ್ಲಿನ ಮಕ್ಕಳ ಸ್ಥಿತಿ ಬೆಳಕಿಗೆ ಬಂದು, ಹೈಕೋರ್ಟು ಮಧ್ಯೆ ಪ್ರವೇಶಿಸಿ, ನ್ಯಾಯಮೂರ್ತಿ ಎನ್.ಕೆ. ಪಾಟೀಲರ ಸಮಿತಿ 2012ರಲ್ಲಿ ವರದಿ ಕೊಟ್ಟದ್ದು ಅನೇಕರಿಗೆ ನೆನಪಿರಬಹುದು. ಬಯಲುಸೀಮೆಯ ಬರ ಕಣ್ಣಿಗೆ ಕಾಣುತ್ತದೆ, ನೆಲ ಬಿರಿದಿರುತ್ತದೆ. ನಮ್ಮಲ್ಲಿ ನೆಲವೆಲ್ಲ ಹಸಿರು. ಈ ಹಸಿರೇ ನಮ್ಮ ಕಣ್ಣು ಕಟ್ಟಿದೆ.

ಸಿಗಂದೂರಿನ ಸುತ್ತಣ ಸೀಮೆಯನ್ನೇ ನೋಡಿ. ತಾಯಿ ಚೌಡೇಶ್ವರಿಯ ಸನ್ನಿಧಿಗೆ ನಾಡಿನ ಮೂಲೆಮೂಲೆಯಿಂದ ಭಕ್ತರು ಬರುತ್ತಾರೆ, ಬಂದವರಿಗೆಲ್ಲ ಅನ್ನಪ್ರಸಾದ ನಡೆಯುತ್ತದೆ. ಮೊದಲು ಲಾಂಚಿಗಾಗಿ ಹೊಳೆಬಾಗಿಲಿನಲ್ಲಿ ಗಂಟೆಗಟ್ಟಲೆ ಕಾಯಬೇಕಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಸುಮಾರು ಎರಡೂವರೆ ಕಿಲೋಮೀಟರ್ ಉದ್ದದ ಸೇತುವೆ, ಈಗ ಕಾರಿನಲ್ಲಿ ಕೆಲವೇ ನಿಮಿಷ. ಬಹಳ ಸಂತೋಷ. ಆದರೆ ಆ ಸೇತುವೆಯ ಕೆಳಗಿನ ನೀರು ಎಲ್ಲಿಂದ ಬಂತು? 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಮುಳುಗಿದ ಊರುಗಳ ಗದ್ದೆ ತೋಟಗಳ ಮೇಲೆ ನಿಂತ ನೀರು ಅದು. ನಾಡಿಗೆಲ್ಲ ಬೆಳಕು ಕೊಟ್ಟು ತಾವು ಕಾಡಿನಂಚಿಗೆ ಹೋಗಿ ಕುಳಿತ ಕುಟುಂಬಗಳ ಮೊಮ್ಮಕ್ಕಳು ಇಂದಿಗೂ ಹಕ್ಕುಪತ್ರಕ್ಕಾಗಿ ಕಚೇರಿ ಸುತ್ತುತ್ತಿದ್ದಾರೆ. ಪತ್ರವಿಲ್ಲದ ಭೂಮಿಗೆ ಸಾಲವಿಲ್ಲ, ಬೆಳೆ ಹೋದರೆ ಪರಿಹಾರವಿಲ್ಲ. ಪ್ರವಾಸಿಗರ ಕಾರು ಸೇತುವೆಯ ಮೇಲೆ ಹಾದುಹೋಗುತ್ತದೆ. ಹಿನ್ನೀರಿನ ಒಳಮೂಲೆಯ ಕೇರಿಗೆ ಹೋಗುವ ದಾರಿ ಹಾಗೆಯೇ ಇದೆ.

ಅನ್ನದ ಪ್ರಶ್ನೆ ಈ ತಾಲ್ಲೂಕಿಗೆ ಹೊಸದೂ ಅಲ್ಲ. 1951ರ ಕಾಗೋಡು ಸತ್ಯಾಗ್ರಹವನ್ನು ತಂದೆ ತಾತಂದಿರ ಬಾಯಲ್ಲಿ ಕೇಳಿದವರು ನಿಮ್ಮಲ್ಲಿ ಅನೇಕರಿದ್ದೀರಿ. ಗೇಣಿ ಅಳೆಯುವ ಕೊಳಗದ ಗಾತ್ರದಿಂದ ಎದ್ದ ವ್ಯಾಜ್ಯ ಅದು. ರಾಮಮನೋಹರ ಲೋಹಿಯಾ ಅವರು ಬಂದು ಬಂಧನಕ್ಕೊಳಗಾದರು. ಕೊಳಗ ಸ್ವಲ್ಪ ದೊಡ್ಡದಾದರೆ ಗೇಣಿದಾರನ ಮನೆಯ ಮಕ್ಕಳ ಗಂಜಿ ಅಷ್ಟು ತೆಳ್ಳಗಾಗುತ್ತದೆ ಎಂಬುದು ಅಂದಿನ ತಾಯಂದಿರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇನ್ನೊಂದು ಕಹಿ ನೆನಪಿದೆ. 1970ರ ದಶಕದ ನಡುವಿನಲ್ಲಿ ಸಾಗರದ ಹತ್ತಿರದ ಹಂದಿಗೋಡಿನಲ್ಲಿ ಬಡ ದಲಿತ ಕುಟುಂಬಗಳ ಜನರಿಗೆ ಸೊಂಟ, ಮಂಡಿಗಳ ಕೀಲು ಹಿಡಿದು, ನಡೆಯುವವರು ತೆವಳುವಂತಾಯಿತು. ಮಕ್ಕಳನ್ನೂ ಅದು ಬಿಡಲಿಲ್ಲ. ಸುತ್ತಲ ತಾಲ್ಲೂಕುಗಳ ಹಳ್ಳಿಗಳಲ್ಲಿಯೂ ಕಂಡುಬಂತು. ಗದ್ದೆಗೆ ಹೊಡೆದ ವಿಷ ಏಡಿಗಳಿಗೆ ಸೇರಿ, ಏಡಿ ತಿಂದವರಿಗೆ ಹೀಗಾಗಿದೆ ಎಂದು ಮೊದಲು ಅನುಮಾನಿಸಿದರು. ಅದು ವಂಶಪಾರಂಪರ್ಯದ ಎಲುಬಿನ ರೋಗವೆಂದು ಆಮೇಲೆ ಸಂಶೋಧಕರು ಕಂಡುಕೊಂಡರು. ಅಂದರೆ ಏಡಿಯ ಮೇಲಿನ ಆರೋಪ ನಿಲ್ಲಲಿಲ್ಲ. ನನಗೆ ಕಾಡುವುದು ಬೇರೆ ಮಾತು. ಆ ಜನರ ಗಂಜಿಗೆ ಗದ್ದೆಯ ಏಡಿ ಬಿಟ್ಟರೆ ನೆಂಚಿಕೊಳ್ಳಲು ಬೇರೇನೂ ಕಷ್ಟವಾಗಿತ್ತೆಂಬುದು ಹೊರಗಿನವರಿಗೆ ತಿಳಿಯಬೇಕಾದರೆ ಅವರು ಕಾಲು ಕಳೆದುಕೊಳ್ಳಬೇಕಾಯಿತು. ಅದಕ್ಕೆ ಮೊದಲು ಅವರ ತಟ್ಟೆಯಲ್ಲೇನಿದೆಯೆಂದು ಊರಿನ ದೊಡ್ಡವರು ಯಾರಾದರೂ ಹೋಗಿ ನೋಡಿದ್ದರೇ?

ಇಂದು ಪಡಿತರದ ಅಕ್ಕಿ ಬಂದಿದೆ, ಹೊಟ್ಟೆಗಿಲ್ಲದೆ ಸಾಯುವವರಿಲ್ಲ ಎನ್ನುತ್ತೀರಿ. ಒಪ್ಪುತ್ತೇನೆ, ಅದು ಸಣ್ಣ ಉಪಕಾರವಲ್ಲ. ಆದರೆ ಹೊಟ್ಟೆ ತುಂಬುವುದು ಬೇರೆ, ಮೈ ತುಂಬುವುದು ಬೇರೆ. ಬರೀ ಅನ್ನ, ಉಪ್ಪಿನಕಾಯಿ ನೀರಲ್ಲಿ ಬೆಳೆದ ಮಗು ಆಡುತ್ತದೆ, ನಗುತ್ತದೆ, ಶಾಲೆಗೂ ಹೋಗುತ್ತದೆ, ಆದರೆ ಬೆಳೆಯುವುದಿಲ್ಲ. ‘ಅಪ್ಪನೂ ಗಿಡ್ಡ, ಮಗನೂ ಗಿಡ್ಡ’ ಎಂದು ನಾವು ತಮಾಷೆ ಮಾಡುತ್ತೇವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಸುಮಾರು 33 ಮಕ್ಕಳಿಗೆ ತಕ್ಕ ತೂಕವಿಲ್ಲ. ರಕ್ತಹೀನತೆಯಂತೂ ನೂರಕ್ಕೆ 65 ಮಕ್ಕಳಲ್ಲಿದೆ. ಹಿಂದಿನ ಸಮೀಕ್ಷೆಯಲ್ಲಿ ಅದು 61ರ ಹತ್ತಿರ ಇತ್ತು, ಈಗ ಏರಿದೆ. ನೂರರಲ್ಲಿ 65 ಎಂದರೆ ಬಡವರ ಮನೆಯದ್ದಷ್ಟೇ ಆಗಲು ಸಾಧ್ಯವೇ? ತೋಟವಿದ್ದವರ ಮನೆಯ ಮಕ್ಕಳೂ ಅದರಲ್ಲಿದ್ದಾರೆ, ನನ್ನ ನಿಮ್ಮ ಮೊಮ್ಮಕ್ಕಳೂ ಇರಬಹುದು. ಅಂಗಡಿಯ ಚಿಪ್ಸಿನ ಪೊಟ್ಟಣವನ್ನು ಪ್ರೀತಿಯೆಂದು ಕೈಗಿಡುವ ಅಜ್ಜಂದಿರು ನಾವೇ ತಾನೆ?

ಈಗ ಹಿರಿಯ ತಾಯಂದಿರಿಗೆ ಒಂದು ಮಾತು. ನಮ್ಮ ಸಂಪ್ರದಾಯದಲ್ಲಿ ಗರ್ಭಿಣಿಗೆ ಎಂಟನೆಯ ತಿಂಗಳಿನಲ್ಲಿ ಹೊಟ್ಟೆಯೊಳಗಿನ ಶಿಶುವಿಗಾಗಿ ಲಿಂಗಧಾರಣೆ ಮಾಡುತ್ತೇವೆ. ಇನ್ನೂ ಮುಖ ಕಾಣದ ಮಗುವಿನ ಬಗ್ಗೆ ಎಷ್ಟು ಕಾಳಜಿ! ವೈದ್ಯರೂ ಈಗ ಅದನ್ನೇ ಹೇಳುತ್ತಾರೆ. ಗರ್ಭದಿಂದ ಹಿಡಿದು ಎರಡು ವರ್ಷ ತುಂಬುವವರೆಗಿನ ಸಾವಿರ ದಿನದಲ್ಲಿ ಮಗುವಿಗೆ ಸಿಗದೆ ಹೋದದ್ದನ್ನು ಆಮೇಲೆ ತುಂಬಿಕೊಡುವುದು ಬಹಳ ಕಷ್ಟ. ಹೀಗಿರುವಾಗ ‘ಹೆಚ್ಚು ಉಂಡರೆ ಮಗು ದೊಡ್ಡದಾಗಿ ಹೆರಿಗೆ ಕಷ್ಟವಾಗುತ್ತದೆ’ ಎಂದು ಬಸುರಿಯ ತಟ್ಟೆಯಿಂದ ಅನ್ನ ತೆಗೆಯುವುದು ಯಾವ ಶಾಸ್ತ್ರ? ಬಾಣಂತಿಗೆ ಪಥ್ಯವೆಂದು ಸೊಪ್ಪು, ತರಕಾರಿ, ಕಾಳು ಬಿಡಿಸಿ ಬರೀ ಅನ್ನ, ಮೆಣಸಿನ ಸಾರಿನಲ್ಲಿ ತಿಂಗಳುಗಟ್ಟಲೆ ಇಡುವುದೇಕೆ? ಹೆತ್ತ ಕೂಡಲೇ ಬರುವ ಹಳದಿ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲುವ ಮನೆಗಳನ್ನು ನಾನು ಬಲ್ಲೆ. ಆರು ತಿಂಗಳು ತುಂಬಿದ ಮೇಲೂ ‘ಹಲ್ಲು ಬರಲಿ’ ಎಂದು ಮೆತ್ತಗಿನ ಅನ್ನ ಬೇಳೆ ಕೊಡದೆ ಕಾಯುವವರೂ ಇದ್ದಾರೆ. ಸೊಸೆ ಓದಿದವಳು, ಅವಳಿಗೆ ಇದೆಲ್ಲ ಗೊತ್ತು. ಆದರೆ ಮನೆಯಲ್ಲಿ ನಡೆಯುವುದು ಅತ್ತೆಯ ಮಾತು. ಆದ್ದರಿಂದ ಅತ್ತೆಯರಿಗೇ ಹೇಳುತ್ತಿದ್ದೇನೆ. ನುಗ್ಗೆಸೊಪ್ಪು, ಬಸಳೆ, ಕೆಸುವು, ಹಲಸಿನ ಬೀಜ ಇವೆಲ್ಲ ನಮ್ಮ ಹಿತ್ತಲಲ್ಲೇ ಇದ್ದು, ಬಡವರ ಅಡುಗೆಯೆಂದು ಅವನ್ನು ಬಿಟ್ಟದ್ದೂ ನಾವೇ.

ಸರಕಾರದ ವ್ಯವಸ್ಥೆಗಳು ಇಲ್ಲವೆಂದಲ್ಲ. ಅಂಗನವಾಡಿ ಯೋಜನೆ 1975ರ ಅಕ್ಟೋಬರ್ 2ರಂದು ಆರಂಭವಾಯಿತು, ನಮ್ಮ ರಾಜ್ಯದಲ್ಲಿ ಟಿ. ನರಸೀಪುರದಿಂದ. ಶಾಲೆಯ ಬಿಸಿಯೂಟ 2002ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಮೊದಲಾಗಿ ಆಮೇಲೆ ಎಲ್ಲ ಕಡೆ ಬಂತು. 2013ರಲ್ಲಿ ಹಾಲು, 2017ರಲ್ಲಿ ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲೇ ಊಟ. ಈ ಕೊನೆಯದು ಒಳ್ಳೆಯ ಯೋಜನೆಯೇ. ಆದರೆ ಇದನ್ನು ರೂಪಿಸಿದವರು ಮಲೆನಾಡಿನ ಒಂಟಿ ಮನೆಗಳನ್ನು ನೋಡಿದಂತಿಲ್ಲ. ತುಂಬಿದ ಬಸುರಿ ಜಾರುವ ಕಾಲುದಾರಿಯಲ್ಲಿ, ಇಂಬಳಗಳ ನಡುವೆ, ಒಂದು ಊಟಕ್ಕಾಗಿ ಎರಡು ಮೈಲು ನಡೆದು ಬರಲು ಸಾಧ್ಯವೇ? ಅಡಿಕೆ ಕೊಯ್ಲಿಗೆಂದು ದೂರದಿಂದ ಬಂದು ಶೆಡ್ಡಿನಲ್ಲಿರುವ ಕೂಲಿಯವರ ಮಕ್ಕಳ ಹೆಸರು ಊರಿನ ಅಂಗನವಾಡಿಯ ಪಟ್ಟಿಯಲ್ಲಿರುವುದೂ ಅಪರೂಪ. ನಮ್ಮದೇ ತೋಟಕ್ಕೆ ಬಂದವರು, ಹೆಸರು ಬರೆಸುವುದು ನಮ್ಮ ಕೆಲಸ.

ಆ ಬಿಸಿಯೂಟಕ್ಕೆ ‘ಅಕ್ಷರ ದಾಸೋಹ’ವೆಂದು ಹೆಸರಿಟ್ಟಿದ್ದಾರೆ. ದಾಸೋಹ ಎಂಬ ಮಾತನ್ನು ಶರಣರಿಂದ ಪಡೆದದ್ದು. ಹಾಗಾಗಿ ಆ ತಟ್ಟೆಯ ಬಗ್ಗೆ ನಮಗೆ ಹೊಣೆಯೂ ಇದೆ. 2019ರ ಜನವರಿ 21ರಂದು ಸಿದ್ಧಗಂಗೆಯ ಪೂಜ್ಯ ಶಿವಕುಮಾರ ಸ್ವಾಮಿಗಳು ಲಿಂಗೈಕ್ಯರಾದಾಗ, ಮಠದ ಮಕ್ಕಳ ಮಧ್ಯಾಹ್ನದ ಊಟವಾದ ಮೇಲೆಯೇ ಸುದ್ದಿ ಹೊರಗೆ ಬಂತು. ಮಕ್ಕಳು ಉಪವಾಸ ಏಳಬಾರದೆಂದು ಅವರೇ ಮೊದಲು ಹೇಳಿಟ್ಟಿದ್ದರೆಂದು ಅಂದು ವರದಿಯಾಯಿತು. ಸಾವಿರಾರು ಮಕ್ಕಳು ತಟ್ಟೆ ತೊಳೆದಿಟ್ಟ ಮೇಲೆ ಅತ್ತರು.

ಇಲ್ಲಿ ಮೊಟ್ಟೆಯ ಮಾತನ್ನು ಎತ್ತದೆ ಹೋದರೆ ನಾನು ಜಾರಿಕೊಂಡಂತಾಗುತ್ತದೆ. 2021ರ ಡಿಸೆಂಬರಿನಲ್ಲಿ ಉತ್ತರದ ಏಳು ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡಲಾರಂಭಿಸಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಆಮೇಲೆ ಅದು ರಾಜ್ಯಕ್ಕೆಲ್ಲ ಬಂತು, 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ ವಾರಕ್ಕೆ ಆರು ದಿನವಾಯಿತು. ತಿನ್ನದ ಮಕ್ಕಳಿಗೆ ಬಾಳೆಹಣ್ಣು. ನಾನು ಸಸ್ಯಾಹಾರಿ, ನನ್ನ ಮನೆಯಲ್ಲಿ ಅದು ಬರುವುದಿಲ್ಲ, ಬರಬೇಕೆಂದೂ ಇಲ್ಲ. ಆದರೆ ಕೂಲಿಯವರ ಮಗು ತನ್ನ ತಂದೆತಾಯಿ ಒಪ್ಪಿ ತಿನ್ನುವುದನ್ನು ನಿಲ್ಲಿಸೆಂದು ಹೇಳುವ ಮೊದಲು, ಅಷ್ಟೇ ಪುಷ್ಟಿಯ ಹಾಲು, ಕಾಳು, ಶೇಂಗಾ ಅದರ ತಟ್ಟೆಗೆ ಪ್ರತಿದಿನ ತಂದು ಬಡಿಸುವ ಶಕ್ತಿ ನಮಗಿದೆಯೇ? ಇದ್ದರೆ ಬಡಿಸೋಣ, ಯಾರೂ ಬೇಡವೆನ್ನುವುದಿಲ್ಲ. ಬರೀ ಕೈಯಲ್ಲಿ ಹೋಗಿ ಮಗುವಿನ ತಟ್ಟೆಯಿಂದ ತೆಗೆಯುವುದು ನನ್ನ ಮನಸ್ಸಿಗೆ ಒಪ್ಪದು. ಇದರಿಂದ ಬೇಸರಪಡುವ ಭಕ್ತರಿದ್ದಾರೆಂದು ಬಲ್ಲೆ.

ಆಯ್ದಕ್ಕಿ ಮಾರಯ್ಯನ ಕಥೆ ನಿಮಗೆಲ್ಲ ಗೊತ್ತು. ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುತ್ತಿದ್ದ ಶರಣ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಲಕ್ಕಮ್ಮ ಅದನ್ನು ಮುಟ್ಟಲಿಲ್ಲ, ಹೆಚ್ಚಿನದ್ದನ್ನು ಅಲ್ಲೇ ಸುರಿದು ಬಾ ಎಂದು ಕಳಿಸಿದಳು. ನಾವು ಈ ಕಥೆಯನ್ನು ಪ್ರವಚನದಲ್ಲಿ ಕೇಳಿ ತಲೆದೂಗಿ, ಹೊರಗೆ ಬಂದು ಪಂಕ್ತಿಯಲ್ಲಿ ಕುಳಿತು, ಬಡಿಸಿದ್ದರಲ್ಲಿ ಅರ್ಧವನ್ನು ಎಲೆಯಲ್ಲಿ ಬಿಟ್ಟು ಏಳುತ್ತೇವೆ. ಜಾತ್ರೆ, ಆರಾಧನೆ, ಮದುವೆಗಳಲ್ಲಿ ಉಳಿದ ಅನ್ನಕ್ಕೆ ಗುಂಡಿ ತೋಡಿದ್ದನ್ನು ನಾನು ನೋಡಿದ್ದೇನೆ. ಗುಂಡಿಯಿಂದ ಎರಡು ಫರ್ಲಾಂಗು ದೂರದಲ್ಲಿ ಕೇರಿಯಿತ್ತು.

ಈಗ ನಡೆಯಬೇಕಾದದ್ದನ್ನು ಹೇಳುತ್ತೇನೆ. ದೊಡ್ಡ ಸಂಘವೂ ಬೇಡ, ರಸೀದಿ ಪುಸ್ತಕವೂ ಬೇಡ. ನಿಮ್ಮೂರ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವ ತಾಯಿಯನ್ನು ಒಮ್ಮೆ ಮಾತಾಡಿಸಿ. ‘ಸೋಮವಾರ ಯಾವ ಮಕ್ಕಳು ಎರಡನೆಯ ಸಲ, ಮೂರನೆಯ ಸಲ ಅನ್ನ ಕೇಳುತ್ತವೆ?’ ಎಂದು ಕೇಳಿ. ಭಾನುವಾರ ಯಾವ ಮನೆಯಲ್ಲಿ ಒಲೆ ಉರಿಯಲಿಲ್ಲವೆಂದು ಅವಳಿಗೆ ಗೊತ್ತಿರುತ್ತದೆ, ಯಾರೂ ಅವಳನ್ನು ಕೇಳಿಲ್ಲ ಅಷ್ಟೆ. ಅಂಗನವಾಡಿ ಕಾರ್ಯಕರ್ತೆಯ ಬಳಿ ಮಕ್ಕಳ ರಟ್ಟೆ ಅಳೆಯುವ ಬಣ್ಣದ ಪಟ್ಟಿಯಿರುತ್ತದೆ. ಆರು ತಿಂಗಳು ದಾಟಿ ಐದು ವರ್ಷ ತುಂಬದ ಮಗುವಿನ ರಟ್ಟೆ 11.5 ಸೆಂಟಿಮೀಟರಿಗಿಂತ ಸಣ್ಣದಿದ್ದರೆ ಅದು ಅಪಾಯ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ದೊಡ್ಡ ಆಸ್ಪತ್ರೆಗಳಲ್ಲಿ ಇಂಥ ಮಕ್ಕಳನ್ನು ತಾಯಿಯ ಜೊತೆಗೇ ಇಟ್ಟುಕೊಂಡು ಆರೈಕೆ ಮಾಡುವ ಪೌಷ್ಟಿಕ ಪುನಶ್ಚೇತನ ಕೇಂದ್ರಗಳಿವೆ. ಬಡ ತಾಯಿ ಹೋಗದಿರುವುದು ಅಜ್ಞಾನದಿಂದಲ್ಲ. ಹದಿನಾಲ್ಕು ದಿನ ಕೂಲಿ ಬಿಟ್ಟು ಅಲ್ಲಿದ್ದರೆ ಮನೆಯಲ್ಲಿ ಉಳಿದ ಮಕ್ಕಳಿಗೆ ಯಾರು ಬೇಯಿಸಿ ಹಾಕಬೇಕು ಎಂಬ ಚಿಂತೆಯಿಂದ. ಆ ಹದಿನಾಲ್ಕು ದಿನ ಆ ಮಕ್ಕಳನ್ನು ಪಕ್ಕದ ಮನೆಯವರು ಕರೆದು ಊಟ ಹಾಕಿದರೆ ಅದಕ್ಕಿಂತ ದೊಡ್ಡ ಚಿಕಿತ್ಸೆ ಬೇಕಿಲ್ಲ. ಜಾತಿ ಕೇಳಿ ಕರೆಯುವುದಾದರೆ ಕರೆಯಲೇಬೇಡಿ.

ಕುಡಿತದ ಮಾತು ಬರುತ್ತದೆ, ‘ಅವನು ದುಡಿದದ್ದನ್ನೆಲ್ಲ ಕುಡಿಯುತ್ತಾನೆ, ಅವನ ಮಕ್ಕಳಿಗೆ ನಾವೇಕೆ ಹಾಕಬೇಕು?’ ಎಂದು. ಕುಡಿದವನು ತಂದೆ. ಹಸಿದದ್ದು ಮಗು.

ಶ್ರಾವಣದಲ್ಲಿ ನಮ್ಮ ಮಠಗಳಲ್ಲಿ, ಊರ ದೇವಸ್ಥಾನಗಳಲ್ಲಿ ಪ್ರವಚನ ನಡೆಯುತ್ತದೆ. ಪ್ರತಿದಿನ ಸಂಜೆ ಒಬ್ಬೊಬ್ಬ ಭಕ್ತರ ಪ್ರಸಾದ ಸೇವೆ. ಅದೇ ಮಳೆಯ ತಿಂಗಳು, ಅದೇ ಹಸಿವಿನ ತಿಂಗಳು. ಈ ವರ್ಷ ಸೇವೆ ಬರೆಸುವಾಗ ಸಂಜೆಯದ್ದರ ಬದಲು ಒಂದು ಮಧ್ಯಾಹ್ನವನ್ನು ಬರೆಸಿ, ಮಳೆ ರಜೆಯ ಮಧ್ಯಾಹ್ನವನ್ನು. ಹಿಂದಿನ ರಾತ್ರಿ ರಜೆಯ ಪ್ರಕಟಣೆ ಬಂದರೆ ಬೆಳಗ್ಗೆ ಒಂದು ಹಂಡೆ ಅನ್ನ, ಕಾಳಿನ ಹುಳಿ, ಒಂದೊಂದು ಲೋಟ ಹಾಲು. ಮಕ್ಕಳು ಬರಲಾಗದಂಥ ಮಳೆಯಾದ್ದರಿಂದಲೇ ರಜೆ ಕೊಟ್ಟಿರುತ್ತಾರೆ, ಹಾಗಾಗಿ ಅವರನ್ನು ಕರೆಯುವಂತಿಲ್ಲ, ನಾವೇ ಹೋಗಬೇಕು. ಊರಲ್ಲಿ ಜೀಪು ಇದ್ದವರಿದ್ದಾರೆ, ಬೈಕಿನ ಹುಡುಗರಿದ್ದಾರೆ, ಮಳೆಯಲ್ಲಿ ಅವರಿಗೂ ಬೇರೆ ಕೆಲಸವಿಲ್ಲ. ಬಾಗಿಲಲ್ಲಿ ನಿಂತು ‘ಊಟ ಆಯ್ತಾ?’ ಎಂದು ಮಾತ್ರ ಕೇಳಬೇಡಿ, ‘ಆಯ್ತು’ ಎನ್ನುತ್ತಾರೆ. ‘ಪ್ರಸಾದ ತಂದಿದ್ದೇವೆ’ ಎಂದು ಪಾತ್ರೆ ಕೇಳಿ.

ಆ ಒಂಟಿ ಮನೆಗೆ ನಾನು ಮತ್ತೆ ಹೋಗಿದ್ದೆ. ಹುಡುಗಿ ಈಗ ಶಾಲೆಗೆ ಹೋಗುತ್ತಾಳೆ. ತಟ್ಟೆಯಲ್ಲಿ ಒಂದಗುಳು ಬಿಡುವುದಿಲ್ಲವೆಂದು ಅಡುಗೆಯವರು ಹೇಳಿದರು. ಬರುವ ಆಷಾಢಕ್ಕೆ ನಾಲ್ಕು ಮನೆಯವರು ಸೇರಿ ಅಕ್ಕಿ ಹೆಸರುಕಾಳು ತೆಗೆದಿಟ್ಟಿದ್ದೇವೆ, ಸೌದೆಯನ್ನು ಬೇಸಿಗೆಯಲ್ಲೇ ಒಣಗಿಸಿ ಕೊಟ್ಟಿಗೆಯ ಅಟ್ಟಕ್ಕೆ ಏರಿಸಿಯಾಗಿದೆ.